ಹಾಲು ಮತ್ತು ಪಾಲು

ಪೋತ್ತನೂರಿನ ಕನ್ನಡ ಮನೆಗಳಲ್ಲಿ ದಿನದ ಮೊದಲ ಮಾತು ಎರಡು ಭಾಷೆಗಳಲ್ಲಿ ನಡೆಯುತ್ತದೆ. ಬಾಗಿಲಿನಾಚೆ ನಿಂತವರು ‘ಪಾಲ್’ ಎಂದು ಕೂಗುತ್ತಾರೆ. ಒಳಗಿನವರು ‘ಹಾಲು ಬಂತು’ ಎನ್ನುತ್ತಾರೆ. ವಾಸ್ತವದಲ್ಲಿ ಇವೆರಡೂ ಒಂದೇ ಮಾತು. ಹಳಗನ್ನಡದಲ್ಲಿ ನಮ್ಮ ಹಿರಿಯರೂ ಇದನ್ನು ‘ಪಾಲ್’ ಎಂದೇ ಕರೆಯುತ್ತಿದ್ದರು. ಸುಮಾರು 10ನೆಯ ಶತಮಾನದಿಂದೀಚೆಗೆ ಕನ್ನಡದ ಪಕಾರ ಹಕಾರಕ್ಕೆ ತಿರುಗುತ್ತ ಬಂದಂತೆ ಪುಲಿ ಹುಲಿಯಾಯಿತು, ಪಂದಿ ಹಂದಿಯಾಯಿತು, ಪಾಲ್ ಹಾಲಾಯಿತು. ಆದರೆ ‘ಭಾಗ’ ಎಂಬ ಅರ್ಥದ ಇನ್ನೊಂದು ‘ಪಾಲು’ ಮಾತ್ರ ಪಕಾರವನ್ನು ಬಿಡದೆ ಇಂದಿಗೂ ನಮ್ಮ ಆಸ್ತಿಪತ್ರಗಳಲ್ಲಿ, ಅಣ್ಣತಮ್ಮಂದಿರ ಮಾತುಗಳಲ್ಲಿ ಹಾಗೆಯೇ ಉಳಿದಿದೆ. ತಮಿಳಿನಲ್ಲಿ ಇಂದಿಗೂ ‘ಪಾಲ್’ ಎಂಬ ಒಂದೇ ರೂಪಕ್ಕೆ ಹಾಲು ಎಂಬ ಅರ್ಥವೂ ಉಂಟು, ವಿಭಾಗ ಎಂಬ ಅರ್ಥವೂ ಉಂಟು.

ಈ ಎರಡು ಪದಗಳ ಬೇರು ಒಂದೇ ಎಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಹಾಲಿನ ಚರಿತ್ರೆಯನ್ನು ಬರೆಯ ಹೊರಟವರಿಗೆ ಪಾಲಿನ ಪ್ರಶ್ನೆ ಎದುರಾಗದೆ ಇರದು. ಕೆಚ್ಚಲಿನಲ್ಲಿ ಹಾಲು ತುಂಬುವುದು ಕರುವಿಗಾಗಿ. ಅದರಲ್ಲಿ ಮನುಷ್ಯನು ತನ್ನ ಪಾಲನ್ನು ಯಾವಾಗ ಕೇಳಿದನು, ಎಷ್ಟು ಕೇಳಿದನು, ಕರುವಿಗೆ ಎಷ್ಟು ಬಿಟ್ಟನು ಎಂಬುದೇ ಹಾಲಿನ ಚರಿತ್ರೆ. ನಾವು ನೆಲೆಸಿರುವ ಕೊಂಗುನಾಡೂ ನಮ್ಮ ಪೂರ್ವಿಕರ ಕನ್ನಡನಾಡೂ ಈ ಚರಿತ್ರೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಅದನ್ನು ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಆಶಯ.

ಸಸ್ತನಿ ಎಂಬ ಹೆಸರು

ಹಾಲೂಡಿಸುವ ಪ್ರಾಣಿಗಳೆಲ್ಲವನ್ನೂ ಒಂದೇ ಹೆಸರಿನ ಕೆಳಗೆ ತಂದವನು ಸ್ವೀಡನ್ ದೇಶದ ಕಾರ್ಲ್ ಲಿನೇಯಸ್. ಅವನಿಗಿಂತ ಮೊದಲು ಐರೋಪ್ಯ ಪಂಡಿತರು ಇವುಗಳಲ್ಲಿ ಹೆಚ್ಚಿನವನ್ನು ‘ನಾಲ್ಕು ಕಾಲಿನವು’ ಎಂದು ಕರೆಯುತ್ತಿದ್ದರು. ಆ ಹೆಸರಿನೊಳಗೆ ತಿಮಿಂಗಿಲಕ್ಕೆ ಸ್ಥಳವಿರಲಿಲ್ಲ. ಬಾವಲಿಗೂ ಮನುಷ್ಯನಿಗೂ ಅದು ಸರಿಯಾಗಿ ಹೊಂದುತ್ತಿರಲಿಲ್ಲ. ಲಿನೇಯಸ್ 1758ರಲ್ಲಿ ತನ್ನ ಗ್ರಂಥದ 10ನೆಯ ಆವೃತ್ತಿಯಲ್ಲಿ ಸ್ತನವನ್ನೇ ಲಕ್ಷಣವಾಗಿ ಹಿಡಿದು ಹೊಸ ಹೆಸರನ್ನಿಟ್ಟನು. ನಮ್ಮ ಪಠ್ಯಪುಸ್ತಕಗಳ ‘ಸಸ್ತನಿ’ ಎಂಬುದು ಆ ಹೆಸರಿನ ಕನ್ನಡ ರೂಪ. ಲಿನೇಯಸ್ ವೈದ್ಯನೂ ಆಗಿದ್ದನು. ಏಳು ಮಕ್ಕಳ ತಂದೆಯೂ ಆಗಿದ್ದನು. ಶ್ರೀಮಂತರ ಮನೆಗಳಲ್ಲಿ ಹೆತ್ತ ತಾಯಿ ಹಾಲೂಡಿಸದೆ ಕೂಸನ್ನು ಬಾಡಿಗೆಯ ದಾದಿಗೆ ಒಪ್ಪಿಸುತ್ತಿದ್ದ ಪದ್ಧತಿಯನ್ನು ವಿರೋಧಿಸಿ 1752ರಲ್ಲಿಯೇ ಅವನು ಒಂದು ಪ್ರಬಂಧವನ್ನು ಬರೆದಿದ್ದನು. ಒಂದು ಶಾಸ್ತ್ರೀಯ ಹೆಸರಿನ ಹಿಂದೆಯೂ ಮಗುವಿನ ಪಾಲಿನ ಚಿಂತೆಯಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ನಮ್ಮ ದೇಶದ ವೈದ್ಯಗ್ರಂಥಗಳು ಬೇರೊಂದು ದಾರಿಯಿಂದ ಇದೇ ವಿಷಯಕ್ಕೆ ಬಂದಿದ್ದವು. ಚರಕಸಂಹಿತೆಯಲ್ಲಿ ಎಂಟು ಬಗೆಯ ಹಾಲುಗಳ ಎಣಿಕೆಯಿದೆ: ಕುರಿ, ಆಡು, ಹಸು, ಎಮ್ಮೆ, ಒಂಟೆ, ಆನೆ, ಕುದುರೆ ಮತ್ತು ಸ್ತ್ರೀ. ಈ ಎಂಟನ್ನೂ ಒಂದೇ ಎಂದು ಆ ಗ್ರಂಥಕಾರರು ಭಾವಿಸಲಿಲ್ಲ. ಒಂದೊಂದಕ್ಕೂ ಬೇರೆ ಗುಣವನ್ನು ಹೇಳಿದರು. ಆ ಗುಣಗಳ ವಿವರಣೆ ಅವರ ಕಾಲದ್ದು. ಆದರೆ ಹಾಲು ಎಂಬುದು ಒಂದೇ ವಸ್ತುವಲ್ಲ ಎಂಬ ಅವರ ಗ್ರಹಿಕೆಯನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ.

ಮರಿಗೆ ತಕ್ಕ ಹಾಲು

19ನೆಯ ಶತಮಾನದ ಕೊನೆಯಲ್ಲಿ ಗುಸ್ತಾವ್ ಫಾನ್ ಬುಂಗೆ ಎಂಬ ಶರೀರಶಾಸ್ತ್ರಜ್ಞನು ಒಂದು ಸರಳವಾದ ಹೋಲಿಕೆಯನ್ನು ಮಾಡಿದನು. ಹುಟ್ಟಿದ ಮರಿಯ ತೂಕ ಇಮ್ಮಡಿಯಾಗಲು ಎಷ್ಟು ದಿನ ಬೇಕು ಎಂದು ಲೆಕ್ಕವಿಟ್ಟು, ಅದನ್ನು ತಾಯಿಯ ಹಾಲಿನ ಸಾರದೊಡನೆ ಹೋಲಿಸಿದನು. ಮೊಲದ ಮರಿಗೆ ಸುಮಾರು 6 ದಿನ, ನಾಯಿಮರಿಗೆ 9, ಕುರಿಮರಿಗೆ 15, ಆಡಿನ ಮರಿಗೆ 22, ಹಸುವಿನ ಕರುವಿಗೆ 47, ಕುದುರೆಮರಿಗೆ 60, ಮನುಷ್ಯನ ಮಗುವಿಗೆ 180 ದಿನ. ಬೇಗ ಬೆಳೆಯುವ ಮರಿಯ ತಾಯಿಯ ಹಾಲಿನಲ್ಲಿ ಪ್ರೋಟೀನೂ ಲವಣಾಂಶವೂ ಹೆಚ್ಚು. ನಿಧಾನವಾಗಿ ಬೆಳೆಯುವ ಮರಿಯ ತಾಯಿಯ ಹಾಲಿನಲ್ಲಿ ಅವು ಕಡಿಮೆ ಎಂಬುದು ಅವನಿಗೆ ಕಂಡುಬಂದ ನಿಯಮ.

ನಮ್ಮ ಅಡುಗೆಮನೆಯ ಹಾಲುಗಳನ್ನೇ ನೋಡೋಣ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 4 ಭಾಗ ಕೊಬ್ಬು, 3ಕ್ಕೂ ಹೆಚ್ಚು ಭಾಗ ಪ್ರೋಟೀನು ಇರುತ್ತವೆ. ಎಮ್ಮೆಯ ಹಾಲಿನಲ್ಲಿ ಕೊಬ್ಬು 7ರ ಸಮೀಪಕ್ಕೆ ಏರುತ್ತದೆ. ಅದರ ಮೊಸರು ಗಟ್ಟಿಯಾಗುವುದಕ್ಕೆ, ಬೆಣ್ಣೆ ಹೆಚ್ಚು ಬರುವುದಕ್ಕೆ ಇದು ಮುಖ್ಯ ಕಾರಣ. ತಾಯಿಯ ಹಾಲಿನಲ್ಲಿ ಕೊಬ್ಬು ಹಸುವಿನ ಹಾಲಿನಷ್ಟೇ ಇದ್ದರೂ ಪ್ರೋಟೀನು ಸುಮಾರು 1 ಭಾಗ ಮಾತ್ರ. ಸಕ್ಕರೆಯಂಶ ಮಾತ್ರ ಸುಮಾರು 7 ಭಾಗ. ಕರು ಹುಟ್ಟಿದ ದಿನವೇ ಎದ್ದು ತಾಯಿಯ ಹಿಂದೆ ನಡೆಯಬೇಕು; ಅದಕ್ಕೆ ಎಲುಬೂ ಮಾಂಸವೂ ಬೇಗ ಬಲಿಯಬೇಕು. ಮನುಷ್ಯನ ಕೂಸು ನಡೆಯಲು ವರ್ಷ ಹಿಡಿದರೂ ಚಿಂತೆಯಿಲ್ಲ. ಅದರ ಮೆದುಳು ಬೆಳೆಯಬೇಕು. ಅವರವರ ಅಗತ್ಯಕ್ಕೆ ತಕ್ಕಂತೆ ಹಾಲು ರೂಪುಗೊಂಡಿದೆ.

ದೂರದ ಜೀವಿಗಳಲ್ಲಿ ಈ ಹೊಂದಾಣಿಕೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಉತ್ತರ ಅಟ್ಲಾಂಟಿಕ್ ಸಾಗರದ ಮಂಜುಗಡ್ಡೆಯ ಮೇಲೆ ಮರಿಹಾಕುವ ಒಂದು ಬಗೆಯ ಸೀಲ್ ತನ್ನ ಮರಿಗೆ ಕೇವಲ 4 ದಿನ ಹಾಲೂಡಿಸುತ್ತದೆ. ಕಾಲಡಿಯ ಮಂಜು ಯಾವಾಗ ಒಡೆದೀತೋ ತಿಳಿಯದ ಜಾಗದಲ್ಲಿ ಅದಕ್ಕಿಂತ ಹೆಚ್ಚು ಬಿಡುವಿಲ್ಲ. ಆದುದರಿಂದ ಆ ಹಾಲಿನಲ್ಲಿ ನೂರಕ್ಕೆ 60ರಷ್ಟು ಕೊಬ್ಬೇ ಇರುತ್ತದೆ. ಆ ನಾಲ್ಕು ದಿನಗಳಲ್ಲಿ ಮರಿಯ ತೂಕ ಇಮ್ಮಡಿಯಾಗುತ್ತದೆ. ನೀಲಿ ತಿಮಿಂಗಿಲದ ಮರಿ ಹಾಲು ಕುಡಿದೇ ದಿನಕ್ಕೆ ಸುಮಾರು 90 ಕಿಲೋ ತೂಕ ಬೆಳೆಯುತ್ತದೆ. ಮೊಲದ ತಾಯಿ ಮರಿಗಳ ಬಳಿ ದಿನಕ್ಕೊಮ್ಮೆ ಕೆಲವೇ ನಿಮಿಷ ಬಂದು ಹೋಗುತ್ತದೆ. ಪದೇ ಪದೇ ಬಂದರೆ ಬೇಟೆಯ ಪ್ರಾಣಿಗೆ ಬಿಲದ ಸುಳಿವು ಸಿಕ್ಕೀತು. ಆಸ್ಟ್ರೇಲಿಯಾದ ಕಾಂಗರೂ ಒಂದೇ ಸಮಯದಲ್ಲಿ ಒಂದು ತೊಟ್ಟಿನಿಂದ ಎಳೆಯ ಮರಿಗೆ ಒಂದು ಬಗೆಯ ಹಾಲನ್ನೂ ಇನ್ನೊಂದರಿಂದ ಬೆಳೆದ ಮರಿಗೆ ಬೇರೊಂದು ಬಗೆಯ ಹಾಲನ್ನೂ ಕೊಡಬಲ್ಲುದು. ಅಲ್ಲಿಯದೇ ಆದ ಪ್ಲಾಟಿಪಸ್ ಮೊಟ್ಟೆಯಿಡುವ ಪ್ರಾಣಿ. ಅದಕ್ಕೆ ಮೊಲೆತೊಟ್ಟೇ ಇಲ್ಲ. ಹಾಲು ಹೊಟ್ಟೆಯ ಚರ್ಮದಿಂದ ಒಸರುತ್ತದೆ. ಮರಿ ಅದನ್ನು ನೆಕ್ಕುತ್ತದೆ. ತೊಟ್ಟಿಗಿಂತ ಹಾಲೇ ಪ್ರಾಚೀನವೆಂಬುದನ್ನು ಇದು ಸೂಚಿಸುತ್ತದೆ.

ಮನೆಯ ಹಸುವಿನ ಗಿಣ್ಣುಹಾಲು ಇದೇ ಮಾತಿಗೆ ಹತ್ತಿರದ ನಿದರ್ಶನ. ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಶಕ್ತಿಯ ಒಂದು ಭಾಗ ಗರ್ಭದಲ್ಲಿಯೇ ಮಗುವಿಗೆ ಹರಿಯುತ್ತದೆ. ಹಸುವಿನಲ್ಲಿ ಹಾಗೆ ಹರಿಯುವುದಿಲ್ಲ; ಕರುವಿಗೆ ಅದು ದೊರೆಯುವುದು ಗಿಣ್ಣಿನಿಂದಲೇ. ಅದನ್ನು ಹೀರಿಕೊಳ್ಳುವ ಸಾಮರ್ಥ್ಯವೂ ಕರುವಿನ ಕರುಳಿಗೆ ಇರುವುದು ಹುಟ್ಟಿದ ಮೊದಲ ದಿನ ಮಾತ್ರ. ಗಿಣ್ಣಿನ ಸಿಹಿ ನಮಗೆಲ್ಲರಿಗೂ ಪ್ರಿಯವೇ. ಆದರೆ ಕರು ಹೊಟ್ಟೆತುಂಬ ಕುಡಿದ ಮೇಲೆ ಉಳಿದದ್ದು ಮಾತ್ರ ಪಾತ್ರೆಗೆ ಬರಬೇಕೆಂಬ ಹಿರಿಯರ ಕಟ್ಟಳೆಗೆ ಇಂತಹ ಗಟ್ಟಿಯಾದ ಆಧಾರವಿತ್ತು.

ಬೆಣ್ಣೆ ಚಾವಡಿಯಿಂದ ಅಮೃತಮಹಲಿಗೆ

ಇನ್ನು ನಮ್ಮ ನಾಡಿನ ಚರಿತ್ರೆಗೆ ಬರೋಣ. ಮೈಸೂರಿನ ಒಡೆಯರ ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುತ್ತಿದ್ದ ಹಸುಗಳ ಹಿಂಡುಗಳನ್ನು ಚಿಕ್ಕದೇವರಾಜ ಒಡೆಯರು (1672–1704) ಒಂದು ಇಲಾಖೆಯಾಗಿ ಕ್ರಮಪಡಿಸಿ ಅದಕ್ಕೆ ‘ಬೆಣ್ಣೆ ಚಾವಡಿ’ ಎಂಬ ಹೆಸರನ್ನು ಕೊಟ್ಟರು. ಹಿಂಡುಗಳಿಗಾಗಿ ಅಲ್ಲಲ್ಲಿ ‘ಕಾವಲು’ ಎಂಬ ಹುಲ್ಲುಗಾವಲುಗಳನ್ನು ಕಾದಿರಿಸಿದರು. ಹೈದರಾಲಿಯ ಕಾಲಕ್ಕೆ ಈ ಹಸುಗಳ ಬೆಲೆ ಬೆಣ್ಣೆಯಿಂದಲ್ಲ, ಅವು ಈಯುವ ಹೋರಿಗರುಗಳಿಂದ ಗೊತ್ತಾಗತೊಡಗಿತು. ಫಿರಂಗಿಯ ಬಂಡಿಗಳನ್ನು ಎಳೆಯಲು, ಸೈನ್ಯದ ದವಸವನ್ನು ಸಾಗಿಸಲು ವೇಗವಾಗಿ ನಡೆಯುವ ಎತ್ತುಗಳು ಬೇಕಾದವು. ಹೈದರನು ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದುದು ಈ ಎತ್ತುಗಳ ಬಲದಿಂದಲೇ ಎಂದು ಮೈಸೂರು ಗೆಜೆಟಿಯರು ದಾಖಲಿಸಿದೆ. ಟಿಪ್ಪು ಸುಲ್ತಾನನು ಇಲಾಖೆಗೆ ‘ಅಮೃತಮಹಲ್’ ಎಂಬ ಹೊಸ ಹೆಸರನ್ನಿಟ್ಟು, ಹಿಂಡುಗಳ ಪಾಲನೆಗೆ ವಿವರವಾದ ಹುಕುಂನಾಮೆಯನ್ನು ಹೊರಡಿಸಿದನು.

ಹೆಸರು ಅಮೃತದ್ದಾದರೂ ಕೆಲಸ ಯುದ್ಧದ್ದು. ಆದರೆ ಈ ಬದಲಾವಣೆಯಿಂದ ಕರುವಿನ ಪಾಲು ಹೆಚ್ಚಿತೆಂಬುದನ್ನು ನಾವು ಮರೆಯಬಾರದು. ಬೆಣ್ಣೆಗಾಗಿ ಸಾಕಿದ ಹಸುವಿನ ಹಾಲು ಪಾತ್ರೆಗೆ ಹೋಗುತ್ತದೆ. ಎತ್ತಿಗಾಗಿ ಸಾಕಿದ ಹಸುವಿನ ಹಾಲು ಕರುವಿನ ಹೊಟ್ಟೆಗೆ ಹೋಗಬೇಕು, ಇಲ್ಲವಾದರೆ ಎತ್ತು ಬಲಿಯುವುದಿಲ್ಲ. ಹಳ್ಳಿಕಾರ್, ಅಮೃತಮಹಲ್ ತಳಿಗಳು ಕಡಿಮೆ ಹಾಲಿನ ಹಸುಗಳೆಂದು ಇಂದು ಹೀಗಳೆಯುವವರು ಇದನ್ನು ನೆನೆಯಬೇಕು. ಅವುಗಳಿಂದ ನಾಡು ಕೇಳಿದ್ದು ಹಾಲನ್ನಲ್ಲ, ದುಡಿಮೆಯನ್ನು.

1799ರ ನಂತರ ಹಿಂಡು ಕಂಪನಿಯ ಕೈಸೇರಿತು. 1860ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಟ್ರೆವೆಲಿಯನ್ ಖರ್ಚು ಉಳಿಸುವ ನೆಪದಲ್ಲಿ ಅದನ್ನು ಒಡೆದು ಮಾರಿಸಿಬಿಟ್ಟನು. ಒಳ್ಳೆಯ ಎತ್ತುಗಳಿಗೆ ಬರ ಬಂದಾಗ ಕೆಲವೇ ವರ್ಷಗಳಲ್ಲಿ ಹಿಂಡನ್ನು ಮತ್ತೆ ಕಟ್ಟಬೇಕಾಯಿತು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರ ಇಂದಿಗೂ ಇದೆ.

ಕನ್ನಡಿಗರ ಮಕ್ಕಳೆಲ್ಲರೂ ಬಲ್ಲ ಪುಣ್ಯಕೋಟಿಯ ಕಥೆಯೂ ಈ ಗೋಪಾಲಕ ಸಮಾಜದ ಮನಸ್ಸನ್ನೇ ತೋರಿಸುತ್ತದೆ. ಹುಲಿಯ ಎದುರು ನಿಂತ ಆ ಹಸು ಜೀವದಾನವನ್ನು ಕೇಳುವುದಿಲ್ಲ. ದೊಡ್ಡಿಯಲ್ಲಿರುವ ಕರುವಿಗೆ ಒಮ್ಮೆ ಹಾಲೂಡಿಸಿ ಬರುವಷ್ಟು ಸಮಯವನ್ನು ಕೇಳುತ್ತದೆ. ತರಗತಿಯಲ್ಲಿ ಅದನ್ನು ಸತ್ಯವಾಕ್ಯದ ಪಾಠವೆಂದು ನಾವು ಬೋಧಿಸುತ್ತ ಬಂದೆವು. ಅದು ಕರುವಿನ ಪಾಲಿನ ಪಾಠವೂ ಹೌದು.

ಕಾಂಗೇಯಂ, ಆಲಂಬಾಡಿ, ಬರ್ಗೂರು

17ನೆಯ ಶತಮಾನದಿಂದ 1799ರವರೆಗೆ ಕೊಯಮತ್ತೂರು ಸೀಮೆಯ ಬಹುಭಾಗ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ಗಜಲಹಟ್ಟಿಯ ಕಣಿವೆಯ ಮೂಲಕ ಸೈನ್ಯಗಳೂ ವ್ಯಾಪಾರಿಗಳೂ ಎತ್ತುಗಳ ಸಾಲುಗಳೊಡನೆ ಇಳಿದು ಬರುತ್ತಿದ್ದರು. ಮೈಸೂರಿನಲ್ಲಿ ಅರಸರು ಮಾಡಿದ ಕೆಲಸವನ್ನು ಕೊಂಗುನಾಡಿನಲ್ಲಿ ರೈತರೇ ಮಾಡಿದರು. ಇಂದಿನ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಸುತ್ತಿನ ತಳಿ ಅದರ ಫಲ. ಪಳಯಕೋಟ್ಟೈಯ ಪಟ್ಟಗಾರರ ಮನೆತನವು ಈ ತಳಿಯನ್ನು ಶುದ್ಧವಾಗಿ ಉಳಿಸಿ ಬೆಳೆಸಿದುದಕ್ಕೆ ಹೆಸರಾಗಿದೆ. ಕಾಂಗೇಯಂ ಕರು ಹುಟ್ಟುವಾಗ ಕೆಂಪು; ಸುಮಾರು ಆರು ತಿಂಗಳಿಗೆ ಬೂದುಬಣ್ಣಕ್ಕೆ ತಿರುಗುತ್ತದೆ.

ಮಳೆ ಕಡಿಮೆಯಿರುವ ಈ ನೆಲದಲ್ಲಿ ರೈತರು ಹೊಲದ ಒಂದು ಭಾಗವನ್ನು ಉಳದೆ ‘ಕೊರಂಗಾಡು’ ಎಂಬ ಹುಲ್ಲುಗಾವಲಾಗಿ ಬಿಡುತ್ತಾರೆ. ಸುತ್ತಲೂ ಮುಳ್ಳುಗಿಡದ ಜೀವಂತ ಬೇಲಿ, ನಡುವೆ ಬರವನ್ನು ತಾಳುವ ಹುಲ್ಲು, ಮೇಲೆ ಬಿಳಿಜಾಲಿಯ ನೆರಳು. ಜಾಲಿಯ ಕಾಯಿ ಬೇಸಗೆಯಲ್ಲಿ ಮೇವಾಗುತ್ತದೆ. ಮೈಸೂರಿನ ಕಾವಲು ಸರ್ಕಾರದ್ದು, ಕೊಂಗಿನ ಕೊರಂಗಾಡು ರೈತನ ಸ್ವಂತದ್ದು. ಎರಡರ ಉದ್ದೇಶವೂ ಒಂದೇ. ಇಲ್ಲಿಯೂ ಹಸು ಒಂದು ಸೂಲಿನಲ್ಲಿ ಕೊಡುವ ಹಾಲು ಸರಾಸರಿ 500 ಲೀಟರಿನ ಆಸುಪಾಸಿನದು. ಅದರಲ್ಲಿ ಕರುವಿಗೆ ಮೊದಲ ಪಾಲು, ಮನೆಗೆ ಉಳಿದದ್ದು.

ಈ ಭಾಗದಲ್ಲಿ ಕನ್ನಡಿಗರಾದ ನಮಗೆ ಇನ್ನೂ ಹತ್ತಿರದ ಎರಡು ತಳಿಗಳಿವೆ. ಒಂದು ಆಲಂಬಾಡಿ. ಹೊಗೇನಕಲ್ಲಿನ ಬಳಿ ಕಾವೇರಿಯ ದಡದಲ್ಲಿರುವ ಆಲಂಬಾಡಿ ಎಂಬ ಊರಿನಿಂದ ಅದಕ್ಕೆ ಆ ಹೆಸರು. ಆ ಊರಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ಕೊಯಮತ್ತೂರು ಜಿಲ್ಲೆಯದೇ ಆಗಿತ್ತೆಂಬುದು ಇಂದಿನ ಯುವಕರಿಗೆ ತಿಳಿದಿರಲಾರದು. ಮಲೆಯ ಮಹದೇಶ್ವರನ ಗುಡಿಯನ್ನು ಕಟ್ಟಿಸಿದವನೆಂದು ಜನಪದರು ನೆನೆಯುವ ಜುಂಜೇಗೌಡನೂ ಆಲಂಬಾಡಿಯವನೇ. ‘ಹಾಲುಮತ’ದವರೆಂದು ಕರೆಸಿಕೊಳ್ಳುವ ಕುರುಬ ಸಮುದಾಯದವನು. ಹಾಲನ್ನೇ ತಮ್ಮ ಕುಲದ ಹೆಸರಾಗಿ ಇಟ್ಟುಕೊಂಡ ಜನ ಆ ಬೆಟ್ಟಗಳಲ್ಲಿ ದನಕುರಿಗಳನ್ನು ಮೇಯಿಸಿ ಬಾಳಿದರು.

ಇನ್ನೊಂದು ಬರ್ಗೂರು. ಈರೋಡು ಜಿಲ್ಲೆಯ ಅಂದಿಯೂರಿನ ಮೇಲಿನ ಬರ್ಗೂರು ಬೆಟ್ಟಗಳಲ್ಲಿ ಕನ್ನಡ ಮಾತನಾಡುವ ಲಿಂಗಾಯತ ಸಮುದಾಯದವರು ತಲೆಮಾರುಗಳಿಂದ ಈ ಹಸುಗಳನ್ನು ಸಾಕುತ್ತ ಬಂದಿದ್ದಾರೆ. ಕೆಂಪು ಮೈಮೇಲೆ ಬಿಳಿಯ ಮಚ್ಚೆ, ಚಿಕ್ಕ ಗಾತ್ರ, ಚುರುಕಾದ ನಡೆ. ಇದು ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವ ಹಸುವಲ್ಲ. ಹಿಂಡಿನೊಡನೆ ಕಾಡಿನ ದೊಡ್ಡಿಯಲ್ಲಿ ಉಳಿದು, ಬೆಟ್ಟವನ್ನು ಹತ್ತಿ ಮೇಯುವ ಹಸು. ಹೊಸೂರಿನ ದನಗಳ ಫಾರಂನಲ್ಲಿದ್ದ ಲಿಟಲ್‌ವುಡ್ ಎಂಬ ಅಧಿಕಾರಿ 1936ರಲ್ಲಿ ದಕ್ಷಿಣ ಭಾರತದ ಜಾನುವಾರುಗಳ ಕುರಿತು ಪ್ರಕಟಿಸಿದ ಪುಸ್ತಕದಲ್ಲಿ ಕಾಂಗೇಯಂ, ಆಲಂಬಾಡಿ, ಬರ್ಗೂರು ಮೂರನ್ನೂ ವರ್ಣಿಸಿದ್ದಾನೆ.

ಅಂದು ಪುಸ್ತಕ ಸೇರಿದ ಈ ಮೂರರಲ್ಲಿ ಆಲಂಬಾಡಿ ಈಗ ಕಣ್ಣಿಗೆ ಬೀಳುವುದೇ ಅಪರೂಪ. ಬರ್ಗೂರಿನ ಸಂಕಟ ಬೇರೆ ಬಗೆಯದು. ಅರಣ್ಯದಲ್ಲಿ ದನ ಮೇಯಿಸುವುದನ್ನು ಮದರಾಸು ಉಚ್ಚ ನ್ಯಾಯಾಲಯ 2022ರಲ್ಲಿ ನಿಷೇಧಿಸಿತು. ಅನಂತರ ಆ ನಿಷೇಧವನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು. 2024ರಲ್ಲಿ ಬರ್ಗೂರು ಬೆಟ್ಟದ ಕಾಡನ್ನೇ ಅಭಯಾರಣ್ಯವಾಗಿ ಘೋಷಿಸಲಾಯಿತು. ಕಾಡನ್ನೂ ಕಾಡುಪ್ರಾಣಿಯನ್ನೂ ಕಾಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೇಯಲು ಬೆಟ್ಟವಿಲ್ಲದ ಬರ್ಗೂರು ಹಸು ಎಷ್ಟು ಕಾಲ ಬರ್ಗೂರು ಹಸುವಾಗಿ ಉಳಿದೀತು? ಆ ಹಿಂಡುಗಳೊಡನೆ ಹಸುವಿನ ಬಣ್ಣಕ್ಕೆ, ಕೊಂಬಿಗೆ, ಸುಳಿಗೆ, ನಡಿಗೆಗೆ ಇರುವ ಬೆಟ್ಟದ ಕನ್ನಡದ ಹೆಸರುಗಳೂ ಹೋಗುತ್ತವೆ. ಇದು ಸರ್ಕಾರದ ಚಿಂತೆ ಮಾತ್ರವಲ್ಲ, ಕನ್ನಡ ಸಂಘಗಳ ಚಿಂತೆಯೂ ಆಗಬೇಕು.

ನೀಲಗಿರಿಯ ಎಮ್ಮೆ, ತೆಪ್ಪಕಾಡಿನ ಆನೆ

ಪೋತ್ತನೂರಿನಿಂದ ಮೇಟ್ಟುಪಾಳ್ಯಕ್ಕೆ ಹೋಗಿ ಬೆಟ್ಟವನ್ನೇರಿದರೆ ಹಾಲಿನ ಬೇರೊಂದು ಲೋಕವೇ ಎದುರಾಗುತ್ತದೆ. ತೋಡರಿಗೆ ಎಮ್ಮೆಯೇ ದೈವ, ಹಾಲುಮನೆಯೇ ಗುಡಿ. ಪವಿತ್ರವೆನಿಸಿದ ಹಿಂಡುಗಳ ಹಾಲನ್ನು ಕರೆದು ಕಡೆಯುವವನು ಪೂಜಾರಿಯೇ. ಅತ್ಯುನ್ನತ ಹಾಲುಗುಡಿಯ ಪೂಜಾರಿ ಸೇವೆಯಲ್ಲಿರುವಷ್ಟು ಕಾಲ ಬ್ರಹ್ಮಚರ್ಯವನ್ನು ಪಾಲಿಸುತ್ತಿದ್ದನು. ಈ ವಿಧಿಗಳನ್ನು ರಿವರ್ಸ್ ಎಂಬ ಆಂಗ್ಲ ವಿದ್ವಾಂಸನು 1906ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಕನ್ನಡಕ್ಕೆ ತೀರ ಹತ್ತಿರದ ಮಾತನ್ನಾಡುವ ಬಡಗರ ಹಳೆಯ ಮನೆಗಳಲ್ಲಿಯೂ ಹಾಲಿಗಾಗಿಯೇ ಒಳಗೊಂದು ಮಡಿಯ ಕೋಣೆ ಇರುತ್ತಿತ್ತು.

ಚರಕನ ಎಣಿಕೆಯ ಎಂಟು ಹಾಲುಗಳಲ್ಲಿ ಓದುಗರಿಗೆ ಅತ್ಯಂತ ವಿಚಿತ್ರವಾಗಿ ಕಾಣುವುದು ಆನೆಯ ಹಾಲು. ಆನೆಗೆ ಮುಂಗಾಲುಗಳ ನಡುವೆ ಎರಡೇ ಮೊಲೆಗಳು. ಮರಿ ಸೊಂಡಿಲಿನಿಂದಲ್ಲ, ಬಾಯಿಂದ ಹಾಲು ಕುಡಿಯುತ್ತದೆ. ಎರಡು ವರ್ಷಕ್ಕೂ ಮೀರಿ ಕುಡಿಯುತ್ತದೆ. ತಾಯಿಯನ್ನು ಕಳೆದುಕೊಂಡ ಆನೆಮರಿಯನ್ನು ಹಸುವಿನ ಹಾಲಿನಿಂದ ಉಳಿಸುವುದು ಬಹಳ ಕಷ್ಟ. ಆ ಹಾಲಿನ ಕೊಬ್ಬು ಅದಕ್ಕೆ ಜೀರ್ಣವಾಗುವುದಿಲ್ಲ. ಕೀನ್ಯಾ ದೇಶದ ಡ್ಯಾಫ್ನಿ ಶೆಲ್ಡ್ರಿಕ್ ಎಂಬ ಮಹಿಳೆ ಹಲವು ವರ್ಷ ಸೋತು, ಕೊನೆಗೆ ಮನುಷ್ಯಶಿಶುವಿನ ಹಾಲಿನಪುಡಿಗೆ ತೆಂಗಿನೆಣ್ಣೆಯನ್ನು ಬೆರೆಸಿ ಯಶಸ್ವಿಯಾದರು. ಆನೆಯ ಹಾಲಿನ ಕೊಬ್ಬು ಹಸುವಿನದಕ್ಕಿಂತ ತೆಂಗಿನೆಣ್ಣೆಯ ಕೊಬ್ಬಿಗೆ ಹೆಚ್ಚು ಹತ್ತಿರ. ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ ಬೊಮ್ಮನ್, ಬೆಳ್ಳಿ ದಂಪತಿಗಳು ಅನಾಥ ಆನೆಮರಿಗಳನ್ನು ಸಾಕಿದ ಕಥೆಯ ಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂದುದನ್ನು ಎಲ್ಲರೂ ಬಲ್ಲರು. ಹೊತ್ತುಹೊತ್ತಿಗೆ ಬಾಟಲಿ ಹಿಡಿದು ತಾಯಿಯಿಲ್ಲದ ಮರಿಗೆ ಹಾಲೂಡಿಸುವುದು ಎಂತಹ ಸಾಹಸವೆಂಬುದನ್ನು ಆ ಚಿತ್ರ ಲೋಕಕ್ಕೆ ತೋರಿಸಿತು.

ಗಾಂಧೀಜಿ, ಬೆಂಗಳೂರು, ಮೈಸೂರು

20ನೆಯ ಶತಮಾನದಲ್ಲಿ ಹಾಲು ಪೇಟೆಯ ಸರಕಾಯಿತು. ಪೇಟೆಗಳಲ್ಲಿ ಕರುವನ್ನು ಸಾಯಲು ಬಿಟ್ಟು ಹಸುವನ್ನು ಮಾತ್ರ ಕರೆಯುವ ಪದ್ಧತಿ ಬೆಳೆಯಿತು. ಆದರೆ ಹಸುವಿನ ದೇಹ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಕರು ಬಂದು ಮೊಲೆಗೆ ಗುದ್ದಿದಾಗ ಹಸುವಿನ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಸ್ರಾವ ಹರಿದು ಹಾಲಿಳಿಯುತ್ತದೆ. ನಮ್ಮ ನಾಡತಳಿಗಳಲ್ಲಿ ಕರುವಿನ ಮೇಲಿನ ಈ ಅವಲಂಬನೆ ಬಹಳ ಬಲವಾದುದು. ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಿದ್ದುದು ಇದಕ್ಕಾಗಿಯೇ. ಅದಕ್ಕಿಂತ ಕ್ರೂರವಾದುದು ಕಲ್ಕತ್ತೆಯಲ್ಲಿ ನಡೆಯುತ್ತಿದ್ದ ‘ಫೂಕಾ’ ಎಂಬ ಬಲವಂತದ ವಿಧಾನ. ಅದನ್ನು ತಿಳಿದು ಗಾಂಧೀಜಿ 1912ರಲ್ಲಿ ಹಾಲನ್ನೇ ತ್ಯಜಿಸುವ ವ್ರತವನ್ನು ಕೈಗೊಂಡರು. ತೀವ್ರವಾದ ಕಾಯಿಲೆಯ ನಂತರ ಕಸ್ತೂರಬಾ ಅವರ ಸೂಚನೆಯಂತೆ ಆಡಿನ ಹಾಲನ್ನು ಒಪ್ಪಿಕೊಂಡರು. ವ್ರತದ ಅಕ್ಷರ ಉಳಿಯಿತು, ಅದರ ಆತ್ಮ ಉಳಿಯಲಿಲ್ಲ ಎಂಬ ನೋವು ಅವರನ್ನು ಬಿಡಲಿಲ್ಲ. ಫೂಕಾ ಪದ್ಧತಿಯನ್ನು 1960ರ ಪ್ರಾಣಿಹಿಂಸಾ ತಡೆ ಕಾಯಿದೆ ಶಿಕ್ಷಾರ್ಹವಾಗಿಸಿದೆ.

1927ರಲ್ಲಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆಯುತ್ತಿದ್ದಾಗ ಗಾಂಧೀಜಿ ಬೆಂಗಳೂರಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ವಿದ್ಯಾರ್ಥಿಯಂತೆ ಹೋಗಿ ಗೋಪಾಲನೆಯನ್ನು ಕಲಿತರು. ಅದೇ ಸಂಸ್ಥೆಯಲ್ಲಿ 1940ರ ದಶಕದಲ್ಲಿ ವರ್ಗೀಸ್ ಕುರಿಯನ್ನರೂ ತರಬೇತಿ ಪಡೆದರು. ಮುಂದೆ ಗುಜರಾತಿನ ಆಣಂದದಲ್ಲಿ ಎಮ್ಮೆಯ ಹಾಲನ್ನು ಪುಡಿಮಾಡಲಾಗದೆಂಬ ಪರದೇಶದ ತಜ್ಞರ ಮಾತನ್ನು ಅವರ ಸಹೋದ್ಯೋಗಿ ದಲಾಯರು ಸುಳ್ಳಾಗಿಸಿದರು. ಎಮ್ಮೆಯ ಕರುವಿಗಾಗಿ ರೂಪುಗೊಂಡ ದಪ್ಪ ಹಾಲನ್ನು ಮನುಷ್ಯಶಿಶುವಿಗೆ ಒಗ್ಗುವಂತೆ ಮಾಡುವ ವಿಧಾನವನ್ನು ಕಂಡುಹಿಡಿದದ್ದು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ. ಕನ್ನಡದ ನೆಲದ ಆ ಸಂಶೋಧನೆಯಿಂದ 1960ರಲ್ಲಿ ಆಣಂದದ ಶಿಶು ಆಹಾರ ಪೇಟೆಗೆ ಬಂದಿತು. ತಾಯಿಯನ್ನು ಕಳೆದುಕೊಂಡ ಕೂಸುಗಳಿಗೆ ಅದು ನಿಜವಾಗಿಯೂ ಜೀವದಾನ.

1970ರಲ್ಲಿ ಕ್ಷೀರಧಾರೆ ಕಾರ್ಯಕ್ರಮ ಆರಂಭವಾಯಿತು. ಕರ್ನಾಟಕದಲ್ಲಿ ನಂದಿನಿ, ತಮಿಳುನಾಡಿನಲ್ಲಿ ಆವಿನ್ ಮನೆಮಾತಾದವು. ಎರಡು ಹಸು ಕಟ್ಟಿದ ವಿಧವೆಗೂ ದಿನವೂ ಕೈಗೆ ಹಣ ಬರುವಂತಾದುದು ಸಣ್ಣ ಮಾತಲ್ಲ. ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳು ಬಂದವು. ಟ್ರ್ಯಾಕ್ಟರು ಬಂದ ಮೇಲೆ ಎತ್ತಿಗೆ ಬೇಡಿಕೆ ಕುಸಿಯಿತು. ಎತ್ತು ಬೇಡವಾದಾಗ ಎತ್ತಿನ ತಾಯಿಯೂ ಬೇಡವಾದಳು. ಕಾಂಗೇಯಂ, ಹಳ್ಳಿಕಾರ್ ತಳಿಗಳು ಹಿಂದೆ ಸರಿದುದು ಹೀಗೆ. 2017ರ ಜಲ್ಲಿಕಟ್ಟು ಚಳವಳಿಯ ನಂತರ ನಾಡತಳಿಯ ಮೇಲೆ ಯುವಕರ ಕಣ್ಣು ಮತ್ತೆ ಬಿದ್ದಿದೆ. ಅದು ಹೋರಿಯ ಕೊಂಬಿನಲ್ಲಿಯೇ ನಿಲ್ಲದೆ ಹಸುವಿನ ಮೇವಿನವರೆಗೂ ಬರಬೇಕು.

ಮಗುವಿನ ಪಾಲು

ಹಾಲನ್ನು ಕುರಿತು ಎರಡು ತಪ್ಪು ತಿಳಿವಳಿಕೆಗಳು ನಮ್ಮ ಮನೆಗಳಲ್ಲಿ ಉಳಿದಿವೆ. ಒಂದು, ಹಾಲು ಎಲ್ಲರಿಗೂ ಎಲ್ಲ ವಯಸ್ಸಿಗೂ ಒಗ್ಗುತ್ತದೆಂಬುದು. ಹಾಲುಸಕ್ಕರೆಯನ್ನು ಅರಗಿಸುವ ಕಿಣ್ವ ಬಹುಪಾಲು ಸಸ್ತನಿಗಳಲ್ಲಿ ಎದೆಹಾಲು ಬಿಟ್ಟ ಮೇಲೆ ತಗ್ಗುತ್ತದೆ. ಸಾವಿರಾರು ವರ್ಷ ಹೈನವನ್ನು ನಂಬಿದ ಕೆಲವು ಜನಾಂಗಗಳಲ್ಲಿ ಮಾತ್ರ ಅದು ದೊಡ್ಡವರಲ್ಲಿಯೂ ಉಳಿದಿದೆ. ಭಾರತದಲ್ಲಿ ವಾಯವ್ಯದವರಿಗಿಂತ ತೆಂಕಣದವರಲ್ಲಿ ಇದು ಕಡಿಮೆ. ನಮ್ಮ ಪೀಳಿಗೆಯವರು ಶಾಲೆಯಲ್ಲಿ ಹಡಗಿನಿಂದ ಬಂದ ಹಾಲಿನಪುಡಿಯನ್ನು ಕದಡಿ ಕೊಟ್ಟ ಹಾಲನ್ನು ಕುಡಿದು ಬೆಳೆದೆವು. ಕೆಲವರಿಗೆ ಹೊಟ್ಟೆ ಕೆಡುತ್ತಿತ್ತು. ಅಂತಹವರಿಗೆ ಮೊಸರು ಮಜ್ಜಿಗೆಗಳೇ ಹಿತ. ಹುಳಿಯುವಾಗ ಸಕ್ಕರೆಯಂಶ ತಗ್ಗುತ್ತದೆ. ತೆಂಕಣದ ಊಟ ಮಜ್ಜಿಗೆಯಲ್ಲಿ ಮುಗಿಯುವುದು ಹಿತವಾದ ರೂಢಿಯೇ.

ಇನ್ನೊಂದು, ಕತ್ತೆಯ ಹಾಲಿನದು. ಬೀದಿಯಲ್ಲಿ ಕತ್ತೆಯನ್ನು ಹೊಡೆದುಕೊಂಡು ಬಂದು ಒಳಲೆಯಲ್ಲಿ ಹಾಲು ಕೊಡುವವರನ್ನು ನಾವೆಲ್ಲರೂ ಕಂಡಿದ್ದೇವೆ. ಸಕ್ಕರೆ ಹೆಚ್ಚು, ಪ್ರೋಟೀನು ಕಡಿಮೆ ಇರುವುದರಲ್ಲಿ ಆ ಹಾಲು ತಾಯಿಯ ಹಾಲಿಗೆ ಸಮೀಪವೆಂಬುದು ನಿಜ. ಆದರೆ ಅದರಲ್ಲಿ ಕೊಬ್ಬು ತೀರ ಕಡಿಮೆ. ಕಾಯಿಸದ ಹಸಿ ಹಾಲನ್ನು ಎಳೆಗೂಸಿಗೆ ಕುಡಿಸುವುದು ಅಪಾಯಕರ.

ಕೂಸಿಗೆ ಮೊದಲ ಆರು ತಿಂಗಳು ತಾಯಿಯ ಹಾಲೇ ಸಾಕು, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಡಬ್ಬಿಹಾಲಿನ ಜಾಹೀರಾತಿಗೆ ಕಡಿವಾಣ ಹಾಕುವ ಕಾಯಿದೆ ನಮ್ಮ ದೇಶದಲ್ಲಿ 1992ರಿಂದಲೇ ಇದೆ. ಅಕಾಲದಲ್ಲಿ ಹುಟ್ಟಿದ, ತಾಯಿಗೆ ಹಾಲು ಬಾರದ ಕೂಸುಗಳಿಗಾಗಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಭಾರತದ ಮೊದಲ ಎದೆಹಾಲಿನ ಬ್ಯಾಂಕನ್ನು ತೆರೆದರು. ಇಂದು ತಮಿಳುನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಅಂತಹ ಬ್ಯಾಂಕುಗಳಿವೆ. ತನ್ನ ಕೂಸು ಕುಡಿದು ಉಳಿದುದನ್ನು ಗುರುತು ಪರಿಚಯವಿಲ್ಲದ ಇನ್ನೊಂದು ಕೂಸಿಗೆ ಕೊಡುವ ತಾಯಂದಿರಿಗಿಂತ ದೊಡ್ಡ ದಾನಿಗಳು ಯಾರು?

ಸಂಘದ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಮನೆಯಲ್ಲಿ ಬಾಣಂತಿಯಿದ್ದರೆ ಆಕೆಗೆ ಊಟ, ನಿದ್ರೆ, ನೆಮ್ಮದಿಗಳನ್ನು ಒದಗಿಸಿರಿ. ಕೂಸಿನ ಪಾಲು ಅದರಿಂದಲೇ ಉಳಿಯುತ್ತದೆ. ಹಸು ಕಟ್ಟಿದವರು ಗಿಣ್ಣನ್ನು ಕರುವಿಗೆ ಬಿಡಿರಿ. ರಜೆಯಲ್ಲಿ ಮಕ್ಕಳನ್ನು ಒಮ್ಮೆ ಕಾಂಗೇಯಂನ ಕೊರಂಗಾಡಿಗೂ ಬರ್ಗೂರಿನ ಬೆಟ್ಟಕ್ಕೂ ಕರೆದೊಯ್ಯಿರಿ. ಅಲ್ಲಿಯ ಹಿರಿಯರು ಹಸುಗಳನ್ನು ಯಾವ ಯಾವ ಹೆಸರುಗಳಿಂದ ಕರೆಯುತ್ತಾರೆಂಬುದನ್ನು ಕೇಳಿ ಬರೆದುಕೊಳ್ಳಿರಿ. ಆ ಪಟ್ಟಿಯನ್ನು ಮುಂದಿನ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಓದುವ ಭಾಗ್ಯ ನಮಗೆಲ್ಲರಿಗೂ ದೊರೆಯಲಿ.